ಕೇಳುವ ಅಧಿಕಾರ ಯಾರದು?

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಪ್ರಾಚೀನ ಗ್ರೀಸಿನ ನಗರರಾಜ್ಯದಲ್ಲಿ ಕಾನೂನು ಮತ್ತು ಪೌರತ್ವ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಆಜ್ಞೆಯಾಗಿದೆ. ಅಥೆನ್ಸಿನ ವಿಚಾರ ಜೈನರ ಸಭೆಗೆ ಏಕೆ ಎಂಬ ಸಂದೇಹ ಕೆಲವರಲ್ಲಿ ಮೂಡಿರಬಹುದು. 2025ರಲ್ಲಿ ಇದೇ ಪುಣೆಯಲ್ಲಿ ನಡೆದುದನ್ನು ನೆನೆದರೆ ಆ ಸಂದೇಹ ಉಳಿಯಲಾರದು.

ಮಾಡೆಲ್ ಕಾಲೊನಿಯಲ್ಲಿರುವ ಸೇಠ್ ಹೀರಾಚಂದ್ ನೇಮಚಂದ್ ದಿಗಂಬರ ಜೈನ ಬೋರ್ಡಿಂಗನ್ನು ತಾವೆಲ್ಲರೂ ಬಲ್ಲಿರಿ. ಪರಊರುಗಳಿಂದ ಓದಲು ಬಂದ ಜೈನ ವಿದ್ಯಾರ್ಥಿಗಳಿಗೆ ಅದು ಆಶ್ರಯ. ಅದರ ಆವರಣದಲ್ಲಿಯೇ ಜಿನಮಂದಿರವಿದೆ. ಸುಮಾರು ಮೂರೂವರೆ ಎಕರೆಯ ಆ ಆಸ್ತಿಯನ್ನು ಮಾರಲು ಟ್ರಸ್ಟು ಮುಂದಾಯಿತು. ಏಪ್ರಿಲ್‌ನಲ್ಲಿ ಧರ್ಮಾದಾಯ ಆಯುಕ್ತರ ಅನುಮತಿಯೂ ದೊರೆಯಿತು. ಅಕ್ಟೋಬರ್‌ನಲ್ಲಿ ಸಮಾಜ ಬೀದಿಗಿಳಿಯಿತು, ಮುನಿಗಳು ದನಿ ಎತ್ತಿದರು, ಯಥಾಸ್ಥಿತಿ ಕಾಯುವಂತೆ ಆದೇಶವಾಯಿತು, ಕೊಳ್ಳುವವರು ಹಿಂದೆ ಸರಿದರು. ಆ ತಿಂಗಳ ಕೊನೆಗೆ ಅನುಮತಿಯೇ ರದ್ದಾಯಿತು.

ಆಸ್ತಿ ಉಳಿಯಿತೆಂದು ಸಂತೋಷಪಟ್ಟದ್ದು ಸಹಜವೇ. ಆದರೆ ಏಪ್ರಿಲ್‌ಗೂ ಅಕ್ಟೋಬರ್‌ಗೂ ನಡುವೆ ಆರು ತಿಂಗಳ ಅಂತರವಿದೆ. ಸಮಾಜದ ಹೆಸರಿನಲ್ಲಿರುವ ಆಸ್ತಿಯ ಗತಿ ನಿರ್ಣಯವಾಗುವಾಗ ಸಮಾಜ ಎಲ್ಲಿತ್ತು? ಅದನ್ನು ಕೇಳುವ ಅಧಿಕಾರ ಯಾರಿಗಿತ್ತು? ಗ್ರೀಕರು ಪೌರತ್ವವನ್ನು ಕುರಿತು ಎತ್ತಿದ ಪ್ರಶ್ನೆಯೂ ಇದೇ.

ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ ಪೌರನಾರು ಎಂದು ವಿಚಾರಿಸುತ್ತಾನೆ. ಊರಿನಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ. ನ್ಯಾಯತೀರ್ಮಾನದಲ್ಲಿಯೂ ಅಧಿಕಾರದಲ್ಲಿಯೂ ಪಾಲುಳ್ಳವನೇ ಪೌರ ಎಂಬುದು ಅವನ ನಿರ್ಣಯ. ಅಥೆನ್ಸಿನಲ್ಲಿ ಈ ಪಾಲು ಬರಿಯ ಮಾತಾಗಿರಲಿಲ್ಲ. ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ ಸೊಲೊನ್ ಎಂಬ ಶಾಸನಕರ್ತನು ಸಾಲಕ್ಕಾಗಿ ಮನುಷ್ಯನ ದೇಹವನ್ನೇ ಒತ್ತೆಯಿಡುವುದನ್ನು ನಿಷೇಧಿಸಿದನು. ಅನ್ಯಾಯಕ್ಕೊಳಗಾದವನ ಪರವಾಗಿ ಇಚ್ಛೆಯುಳ್ಳ ಯಾವ ಪೌರನಾದರೂ ದೂರು ತರಬಹುದೆಂದು ವಿಧಿಸಿದನು. ನೊಂದವನೇ ಬರಬೇಕೆಂಬ ನಿರ್ಬಂಧ ಹೋಯಿತು. ನೆರೆಯವನ ನೋವು ಊರಿನ ನೋವಾಯಿತು.

ಮುಂದೆ ಕ್ಲೈಸ್ಥೆನೀಸನ ಕಾಲದಲ್ಲಿ 500 ಜನರ ಮಂಡಲಿ ಬಂತು. ಹತ್ತು ಗಣಗಳಿಂದ ಐವತ್ತೈವತ್ತು ಮಂದಿ ಅದರ ಸದಸ್ಯರು. ಕಾಲಕ್ರಮದಲ್ಲಿ ಹೆಚ್ಚಿನ ಅಧಿಕಾರಗಳಿಗೆ ಚೀಟಿ ಎತ್ತಿ ಆರಿಸುವ ಪದ್ಧತಿಯೂ ನೆಲೆಗೊಂಡಿತು. ಅಧಿಕಾರ ವಹಿಸುವ ಮುನ್ನ ಯೋಗ್ಯತೆಯ ಪರೀಕ್ಷೆ, ಅವಧಿ ಮುಗಿದ ಮೇಲೆ ಲೆಕ್ಕದ ಪರೀಕ್ಷೆ. ಸಾರ್ವಜನಿಕ ಹಣ ಮುಟ್ಟಿದವನು ಲೆಕ್ಕ ಒಪ್ಪಿಸದೆ ಬಿಡುಗಡೆ ಹೊಂದುವಂತಿರಲಿಲ್ಲ. ಅವನ ಮೇಲೆ ಆಕ್ಷೇಪವಿದ್ದ ಪೌರನು ಮುಂದೆ ಬಂದು ಹೇಳಬಹುದಾಗಿತ್ತು.

ಇದೆಲ್ಲ ದೂರದ ಮಾತಲ್ಲ. 1950ರ ಬಾಂಬೆ ಸಾರ್ವಜನಿಕ ನ್ಯಾಸ ಕಾಯ್ದೆ ಇಂದು ಮಹಾರಾಷ್ಟ್ರದ ಹೆಸರಿನಲ್ಲಿ ಜಾರಿಯಲ್ಲಿದೆ. ಅದರ 36ನೆಯ ಕಲಮಿನ ಪ್ರಕಾರ ಸಾರ್ವಜನಿಕ ಟ್ರಸ್ಟಿನ ಸ್ಥಿರಾಸ್ತಿಯನ್ನು ಧರ್ಮಾದಾಯ ಆಯುಕ್ತರ ಪೂರ್ವಾನುಮತಿಯಿಲ್ಲದೆ ಮಾರಿದರೆ ಆ ಮಾರಾಟ ಸಿಂಧುವಾಗದು. ಅದೇ ಕಾಯ್ದೆ ಹಿತಾಸಕ್ತಿಯುಳ್ಳ ವ್ಯಕ್ತಿ ಯಾರೆಂದು ವಿವರಿಸುತ್ತದೆ. ಮಂದಿರವಾದರೆ ಅಲ್ಲಿ ಪೂಜೆಗೆ ಹೋಗುವ ಹಕ್ಕುಳ್ಳವನು ಅಥವಾ ಹೋಗುವ ರೂಢಿಯುಳ್ಳವನು. ಮಠವಾದರೆ ಅದರ ಶಿಷ್ಯ. ಇತರ ಟ್ರಸ್ಟಾದರೆ ಅದರ ಫಲಾನುಭವಿಯೂ ಸೇರುತ್ತಾನೆ. ದೊಡ್ಡ ದಾನಿಯಾಗಿರಬೇಕೆಂದು ಕಾಯ್ದೆ ಹೇಳುವುದಿಲ್ಲ. ದಿನವೂ ದರ್ಶನಕ್ಕೆ ಹೋಗುವ ವೃದ್ಧೆಯೂ ಅದರ ದೃಷ್ಟಿಯಲ್ಲಿ ಹಿತಾಸಕ್ತಿಯುಳ್ಳವಳೇ. ಕಾನೂನು ಬಾಗಿಲು ತೆರೆದಿಟ್ಟಿದೆ. ಒಳಗೆ ಹೋಗುವವರು ವಿರಳ.

ಕನ್ನಡ ನಾಡಿನ ಜೈನರಿಗೆ ಇದಕ್ಕೆ ತಮ್ಮದೇ ಪೂರ್ವೋದಾಹರಣೆಯುಂಟು. 1368ರ ಶ್ರವಣಬೆಳಗೊಳದ ಶಾಸನವನ್ನು ಬುಕ್ಕರಾಯನ ಔದಾರ್ಯದ ಸಾಕ್ಷಿಯೆಂದು ನಾವು ಕೊಂಡಾಡುತ್ತೇವೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಆದರೆ ಅರಸನು ತಾನಾಗಿ ಬಂದು ನ್ಯಾಯ ಕೊಡಲಿಲ್ಲ. ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಗಳ ಜೈನರು ಹೋಗಿ ಬಿನ್ನಹ ಮಾಡಿಕೊಂಡರು. ಕಲ್ಲೇಹದ ಬುಸುವಿ ಸೆಟ್ಟಿ ಎಂಬ ಶ್ರಾವಕನು ರಾಯನಿಗೆ ಬಿನ್ನವಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಸೊಲೊನನ ವಿಧಿಯಲ್ಲಿ ಇಚ್ಛೆಯುಳ್ಳವನು ಎಂದಿರುವುದು ಇಂಥವನನ್ನೇ.

ಆ ಶಾಸನದ ಲೆಕ್ಕವನ್ನೂ ಗಮನಿಸಬೇಕು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರು. ಉಳಿದ ಹಣ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಲು. ನಿರ್ವಹಣೆ ತಿರುಮಲೆಯ ತಾತಯ್ಯನದು. ಹಣ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಹೋಗುತ್ತದೆ, ಯಾರ ಹೊಣೆ ಎಂಬುದೆಲ್ಲ ಕಲ್ಲಿನ ಮೇಲೆ ಬಹಿರಂಗವಾಗಿದೆ. ಇಂದು ನಮ್ಮ ಎಷ್ಟು ಬಸದಿಗಳ ಫಲಕದ ಮೇಲೆ ಇಷ್ಟು ವಿವರ ದೊರೆಯುತ್ತದೆ?

ಅಥೆನ್ಸನ್ನು ಆದರ್ಶವೆಂದು ಹೊಗಳಲು ನಾನು ಬಂದಿಲ್ಲ. ಅಲ್ಲಿ ಹೆಂಗಸರಿಗೆ ಸಭೆಯಲ್ಲಿ ಮತವಿರಲಿಲ್ಲ. ದಾಸರ ದುಡಿಮೆಯ ಮೇಲೆ ಆ ಸ್ವಾತಂತ್ರ್ಯ ನಿಂತಿತ್ತು. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನು ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರತ್ವವೆಂದು ಬಾಗಿಲನ್ನು ಇನ್ನಷ್ಟು ಕಿರಿದು ಮಾಡಿದನು. ನೆಲೆಸಿದ ಪರಊರವರಿಗೆ ತೆರಿಗೆಯೂ ಸೈನ್ಯಸೇವೆಯೂ ಇತ್ತು, ಮತವಿರಲಿಲ್ಲ. ಪೌರನ ಲಕ್ಷಣ ಹೇಳಿದ ಅರಿಸ್ಟಾಟಲನೇ ಸ್ತಗಿರದಿಂದ ಬಂದವನು. ಅಥೆನ್ಸಿನಲ್ಲಿ ಅವನೂ ಪೌರನಲ್ಲ.

ಪುಣೆಯ ಕನ್ನಡ ಜೈನರಿಗೆ ಆ ಸ್ಥಿತಿ ಅಪರಿಚಿತವಲ್ಲ. ಊರಿನ ಬಸದಿಯಲ್ಲಿ ನಾವು ಹೊರಗೆ ಹೋದವರು. ಇಲ್ಲಿಯ ಮಂದಿರದಲ್ಲಿ ಕರ್ನಾಟಕದವರು. ಪಂಚಕಲ್ಯಾಣಕ್ಕೆ ಎರಡೂ ಕಡೆ ವಂತಿಗೆ ಕೊಡುತ್ತೇವೆ, ಸದಸ್ಯರ ಪಟ್ಟಿಯಲ್ಲಿ ಎರಡು ಕಡೆಯೂ ಹೆಸರಿರುವುದಿಲ್ಲ. ಇನ್ನು ಸ್ತ್ರೀಯರು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದಲ್ಲಿ ಅರ್ಧಭಾಗ ಅವರದು. ಸಂಘದ ವ್ಯಾಖ್ಯೆಯಲ್ಲಿಯೇ ಅವರ ಸ್ಥಾನ ನಿಶ್ಚಿತವಾಗಿದೆ. ಮನೆಗೊಂದು ಮತ, ಅದೂ ಯಜಮಾನನ ಹೆಸರಿನಲ್ಲಿ ಎಂಬ ಕಟ್ಟಳೆ ಇರುವಲ್ಲಿ ನಾವು ಅನುಸರಿಸುತ್ತಿರುವುದು ಮಹಾವೀರನ ಸಂಘವನ್ನಲ್ಲ, ಪೆರಿಕ್ಲೀಸನ ಊರನ್ನು.

ಎಲ್ಲರೂ ಪ್ರಶ್ನಿಸತೊಡಗಿದರೆ ಸಜ್ಜನರು ಟ್ರಸ್ಟಿಗಳಾಗಲು ಹಿಂಜರಿಯುತ್ತಾರೆ, ಪಂಗಡಗಳಾಗುತ್ತವೆ, ಕೋರ್ಟು ಕಚೇರಿಗೆ ಹಣ ಸುರಿಯಬೇಕಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಈ ಭಯ ನಿರಾಧಾರವಲ್ಲ. ಅಥೆನ್ಸಿನಲ್ಲಿಯೂ ದೂರು ಹಾಕುವುದನ್ನೇ ಕಸುಬಾಗಿಸಿಕೊಂಡವರಿದ್ದರು. ಅದಕ್ಕೆ ಅವರು ಕೇಳುವ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಸಾರ್ವಜನಿಕ ದೂರು ತಂದವನಿಗೆ ನ್ಯಾಯಾಧೀಶರ ಐದನೆಯ ಒಂದು ಭಾಗ ಮತವೂ ಬೀಳದಿದ್ದರೆ ಸಾವಿರ ದ್ರಾಖ್ಮಾ ದಂಡ ವಿಧಿಸಿದರು. ಹಕ್ಕು ಉಳಿಯಿತು, ಅದರ ಜೊತೆಗೆ ಹೊಣೆಯೂ ಬಂತು. ಲೆಕ್ಕ ಬಹಿರಂಗವಾಗಿದ್ದರೆ ಪ್ರಾಮಾಣಿಕ ಟ್ರಸ್ಟಿಗೆ ಅದಕ್ಕಿಂತ ದೊಡ್ಡ ರಕ್ಷೆ ಇನ್ನೊಂದಿಲ್ಲ.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ. ಹದಿನೆಂಟು ತುಂಬಿದ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಗೂ ಸ್ವಂತ ಹೆಸರಿನಲ್ಲಿ ಸದಸ್ಯತ್ವವಿರಲಿ. ವರ್ಷದ ಲೆಕ್ಕವನ್ನು ಎಲ್ಲರ ಎದುರಿಗೆ ಓದಲಿ. ಆಸ್ತಿಯ ಮಾರಾಟಕ್ಕೆ ಅರ್ಜಿ ಹಾಕುವ ಮೂರು ತಿಂಗಳು ಮೊದಲೇ ಮಂದಿರದ ಫಲಕದ ಮೇಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪ್ರಕಟಣೆ ಬರಲಿ. ಒಬ್ಬರೇ ಆಜೀವ ಅಧಿಕಾರದಲ್ಲಿರದಂತೆ ಅವಧಿಗೆ ಮಿತಿಯಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ಟ್ರಸ್ಟು ತನ್ನ ನಿಯಮಾವಳಿಯಲ್ಲಿಯೇ ಇವನ್ನು ಸೇರಿಸಲು ಮನಸ್ಸು ಮಾಡಬೇಕು.

ಮುಂದಿನ ಸಲ ಊರಿಗೆ ಹೋದಾಗ ಬಸದಿಯ ದರ್ಶನ ಮಾಡಿ ಬರುವ ಮುನ್ನ ಸದಸ್ಯರ ಪಟ್ಟಿಯನ್ನು ತೋರಿಸುವಂತೆ ವಿನಯದಿಂದ ಕೇಳಿರಿ. ಅದರಲ್ಲಿ ನಿಮ್ಮ ಹೆಸರಿದೆಯೇ, ನಿಮ್ಮ ತಾಯಿಯ, ಮಗಳ ಹೆಸರಿದೆಯೇ ನೋಡಿರಿ. ಇಲ್ಲವಾದರೆ ಅಲ್ಲಿಯೇ ಕುಳಿತು ಒಂದು ಅರ್ಜಿ ಬರೆದುಕೊಟ್ಟು ಬನ್ನಿರಿ.

ಜೈ ಜಿನೇಂದ್ರ.