ಕಿವಿಯ ಸಾಧನೆ



ಈಗತಾನೇ ಗಾಯನ ಮುಗಿಯಿತು. ನಡುವೆ ಕುಂದಾಣದ ಹಿರಿಯರೊಬ್ಬರು ನಮ್ಮನ್ನು ಕೇಳಿದರು: “ಬುದ್ಧೀ, ವಚನ ಹಾಡಿದರೆ ಮಾತು ತಿಳಿಯುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಬರೀ ಆ ಆ ಅಂತ ಅರ್ಧ ಗಂಟೆ ಎಳೆದರೆ ರಾಗಿ ಬೆಳೆಯೋ ನಾವು ಏನು ಕೇಳಬೇಕು?” ಪಂಡಿತರು ಕೇಳಲು ನಾಚುವ ಪ್ರಶ್ನೆಯಿದು. ಅವರು ನಾಚಲಿಲ್ಲ, ನಮಗೆ ಸಂತೋಷವಾಯಿತು.

ಮಗಳು ತವರಿಗೆ ಬರುತ್ತಾಳೆ. “ಏನಮ್ಮ?” ಎಂದರೆ “ಏನಿಲ್ಲಪ್ಪ” ಎನ್ನುತ್ತಾಳೆ. ಮಾತು ಏನೂ ಇಲ್ಲವೆನ್ನುತ್ತದೆ, ದನಿ ಇದೆಯೆನ್ನುತ್ತದೆ. ತಂದೆ ನಂಬುವುದು ದನಿಯನ್ನು. ಆ ದನಿಯನ್ನೇ ಮಾತಿನಿಂದ ಬಿಡಿಸಿ ಮುಂದಿಡುವುದು ಆಲಾಪ. 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನ್ಸೂರರು ಖ್ಯಾಲನ್ನೂ ಹಾಡಿದರು, ವಚನವನ್ನೂ ಹಾಡಿದರು. ಅದೇ ವಚನವನ್ನು ಪುಸ್ತಕದಲ್ಲಿ ಓದಿದಾಗ ಬಾರದ ಕಣ್ಣೀರು ಅವರು ಹಾಡಿದಾಗ ಬಂದರೆ, ಅದನ್ನು ತಂದದ್ದು ಯಾವುದು? ಯೋಚಿಸಿ ನೋಡಿ.

ಆದರೆ ಕೇಳುವುದು ಬೇರೆ, ಕಿವಿಗೆ ಬೀಳುವುದು ಬೇರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯವರ ಕಿವಿಗೆ ವಿಮಾನದ ಸದ್ದು ಬೀಳುತ್ತಲೇ ಇದೆ. ಅದನ್ನು ಯಾರೂ ಕೇಳುವುದಿಲ್ಲ. ಕತ್ತಲಲ್ಲಿ ಹತ್ತು ಎತ್ತುಗಳು ಬಂದರೆ ನಿಮ್ಮ ಎತ್ತಿನ ಕೊರಳಗಂಟೆ ನಿಮಗೆ ತಿಳಿಯುತ್ತದೆ. ಅದಕ್ಕೆ ಯಾವ ಶಾಸ್ತ್ರ ಓದಿದ್ದಿರಿ? ಕಾಶ್ಮೀರದ ಅಭಿನವಗುಪ್ತರು ಸಹೃದಯನೆಂದು ಕರೆದದ್ದು, ಅಭ್ಯಾಸದಿಂದ ಮನಸ್ಸೆಂಬ ಕನ್ನಡಿಯನ್ನು ತಿಳಿಗೊಳಿಸಿಕೊಂಡು ಎದುರಿನದರಲ್ಲಿ ತನ್ಮಯನಾಗಬಲ್ಲವನನ್ನು. ಅಭ್ಯಾಸ ಹಾಡುವವನಿಗೆ ಮಾತ್ರವಲ್ಲ, ಕೇಳುವವನಿಗೂ ಬೇಕು.

ಗದಗಿನ ಪಂಚಾಕ್ಷರ ಗವಾಯಿಗಳನ್ನು ನೆನೆಯಿರಿ. ಅವರಿಗೆ ಕಣ್ಣಿರಲಿಲ್ಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅಲ್ಲಿ ಎಷ್ಟೋ ಅಂಧ ಮಕ್ಕಳು ಕಿವಿಯಿಂದಲೇ ವಿದ್ಯೆ ಪಡೆದು ಅನ್ನ ಕಂಡುಕೊಂಡರು. ನಮಗೆ ಎರಡು ಕಣ್ಣಿವೆ, ಈಗ ಕೈಯಲ್ಲೊಂದು ಮೊಬೈಲೂ ಇದೆ. ಕಿವಿ ಮಾತ್ರ ಬಿಡುವಾಗಿಲ್ಲ!

ಈ ಸಂಜೆ ಹಾಡಿದ್ದು ಭೂಪಾಲಿ. ಸ ರಿ ಗ ಪ ಧ, ಐದೇ ಸ್ವರ. ದೇಶಕಾರವೆಂಬ ರಾಗಕ್ಕೂ ಅವೇ ಐದು. ಭೂಪಾಲಿಯಲ್ಲಿ ಗಾಂಧಾರ ಮನೆಯ ಯಜಮಾನ, ದೇಶಕಾರದಲ್ಲಿ ಧೈವತ. ಯಜಮಾನ ಬದಲಾದರೆ ಮನೆಯ ನಡೆಯೇ ಬದಲಾಗುವುದಿಲ್ಲವೇ? ಹಾಗೆಯೇ ಇಲ್ಲಿ ರಾಗದ ಭಾವ ಬದಲಾಗುತ್ತದೆ. ಇನ್ನು ತಾಳ. ವಿಲಂಬಿತ ಏಕತಾಳಕ್ಕೆ 12 ಮಾತ್ರೆ. ಗಾಯಕ ಎಲ್ಲೆಲ್ಲೋ ಸುತ್ತುತ್ತಾನೆ. ಇನ್ನು ಬರಲಾರ ಎನ್ನುವಷ್ಟರಲ್ಲಿ ಮೊದಲ ಮಾತ್ರೆಗೆ, ಸಮಕ್ಕೆ, ಬಂದು ಸೇರುತ್ತಾನೆ. ಜೊತೆಯಲ್ಲಿ ಎಣಿಸುತ್ತಾ ಕಾದವನ ತಲೆ ತಾನಾಗಿ ತೂಗುತ್ತದೆ. ಹರಟುತ್ತಾ ಕುಳಿತವನಿಗೆ ಆ ಸುಖವಿಲ್ಲ. ಅವನು ಕಾಯಲೇ ಇಲ್ಲ.

ದೇಶಕಾರ ಬೆಳಗಿನ ರಾಗ. ಹೊತ್ತು ಮೀರಿದ್ದರೂ ಪಾಠಕ್ಕೆಂದು ವಿದ್ಯಾರ್ಥಿಗಳು ಎರಡನ್ನೂ ಒಂದಾದ ಮೇಲೊಂದು ಹಾಡುತ್ತಾರೆ. ಯಾವುದು ಯಾವುದೆಂದು ಹೇಳುವುದಿಲ್ಲ, ನೀವೇ ಹೇಳಬೇಕು. ಮೈಕು ಆರಿಸಿ. ಪ್ರಶ್ನೆ ಕೇಳಿದ ಯಜಮಾನರು ಇಲ್ಲಿ ಮುಂದಕ್ಕೆ, ತಂಬೂರಿಯ ಪಕ್ಕಕ್ಕೆ ಬಂದು ಕೂಡಲಿ.