ಹೆಸರು ಹಾಕಿದ್ದಾರೆ, ಒಪ್ಪಿಗೆ ಕೇಳಿಲ್ಲ

ಸಂಘದ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ವಾರಪತ್ರಿಕೆ, ಯಾವುದನ್ನೇ ತೆಗೆದು ನೋಡಿ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತದೆ. ಅಂತರ್ಜಾಲ ಎಂಬ ಹೆಸರಿನ ಫೋಟೋಗ್ರಾಫರು ಯಾವ ಊರಿನಲ್ಲೂ ಇಲ್ಲ. ಇದಕ್ಕಿಂತ ಮರ್ಯಾದಸ್ಥರು ಬರೆದವರ ಹೆಸರು ಹಾಕುತ್ತಾರೆ. ಅವರಿಗಿಂತಲೂ ಮೇಲಾದವರು ಮೂಲ ಬರಹ ಇರುವ ಜಾಲತಾಣದ ಲಿಂಕನ್ನೂ ಕೊಡುತ್ತಾರೆ. ಇವತ್ತಿನ ಮಾತು ಈ ಕೊನೆಯವರ ಬಗ್ಗೆ. ಹೆಸರು ಅಳಿಸಿ ತನ್ನದೆಂದು ಹೇಳಿಕೊಳ್ಳುವವನನ್ನು ಕಳ್ಳ ಎನ್ನಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಆದರೆ ಇಡೀ ಬರಹವನ್ನು ಎತ್ತಿ ತನ್ನ ತಾಣದಲ್ಲಿ ಹಾಕಿಕೊಂಡು, ಕೆಳಗೆ ನಿಮ್ಮ ಹೆಸರನ್ನೂ ಲಿಂಕನ್ನೂ ಕೊಟ್ಟವನನ್ನು ಏನನ್ನಬೇಕು?

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಭಾರಿ ಮರಗಳು ನಿಮಗೆ ಗೊತ್ತಿರುತ್ತವೆ. ಜನ ಹುಣಸೆ ಅಂದರೂ ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. 2023ರ ಜುಲೈ ತಿಂಗಳ ಮಳೆಗೆ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಆಮೇಲೆ ಅದನ್ನು ಎತ್ತಿ ಮತ್ತೆ ನೆಟ್ಟರು. ಹಾನಗಲ್ಲಿನ ಒಬ್ಬ ಸಾಲಿ ಮಾಸ್ತರರು ಮರ ಬಿದ್ದ ದಿನವೇ ಸವಣೂರಿಗೆ ಹೋದರು ಎಂದುಕೊಳ್ಳಿ. ಬೊಡ್ಡೆಯ ಸುತ್ತಳತೆ ಹಿಡಿದರು, ಊರ ಹಿರಿಯರನ್ನು ಮಾತಾಡಿಸಿದರು, ಫೋಟೋ ತೆಗೆದರು. ರಾತ್ರಿ ಕೂತು ಬರೆದು ತಮ್ಮ ಜಾಲತಾಣಕ್ಕೆ ಹಾಕಿದರು. ವಾರ ಕಳೆಯುವುದರೊಳಗೆ ಅದೇ ಬರಹ, ಅದೇ ಫೋಟೋಗಳು, ಜಾಹೀರಾತು ತುಂಬಿದ ಬೇರೊಂದು ತಾಣದಲ್ಲಿ ಕಂಡವು. ಕೊನೆಯಲ್ಲಿ ಮಾಸ್ತರರ ಹೆಸರಿದೆ, ಲಿಂಕ್ ಇದೆ. ಫೋನ್ ಮಾಡಿ ಕೇಳಿದರೆ ಬರುವ ಉತ್ತರ: “ನಿಮ್ಮ ಹೆಸರು ಹಾಕೀವಲ್ರೀ ಸರ, ಇನ್ನೇನು?”

ಈ ಉತ್ತರವನ್ನು ಬರೀ ಮೊಂಡುತನ ಅನ್ನಲಾಗದು. ಅದರ ಹಿಂದೆ ನಮ್ಮ ಸೀಮೆಯ ಬಹಳ ಹಳೆಯ ರೂಢಿ ಇದೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕೀರ್ತನೆ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಮುಗಿಯುತ್ತದೆ. ಅದೇ ತಾಲ್ಲೂಕಿನ ಶಿಶುನಾಳದ ಷರೀಫರ ಹಾಡಿನ ಕೊನೆಗೆ ಶಿಶುನಾಳಾಧೀಶ ಬರುತ್ತಾನೆ. ಹಿರೇಕೆರೂರು ಸೀಮೆಯ ಸರ್ವಜ್ಞನ ತ್ರಿಪದಿಗೆ ಅವನ ಹೆಸರೇ ಕೊನೆಯ ಮಾತು. ಯಾರು ಬೇಕಾದರೂ ಹಾಡಬಹುದಿತ್ತು, ಬರೆದುಕೊಳ್ಳಬಹುದಿತ್ತು, ಮುಂದಿನ ಊರಿಗೆ ಒಯ್ಯಬಹುದಿತ್ತು. ಅಂಕಿತ ಬಿಡದೆ ಹಾಡಿದರೆ ಋಣ ತೀರಿತು. ಹಾಡಿನ ಯಜಮಾನ ಯಾರೆಂದು ಹಾಡೇ ಹೇಳುತ್ತಿದ್ದುದರಿಂದ ಬೇರೆ ಲಿಂಕಿನ ಅಗತ್ಯವೂ ಇರಲಿಲ್ಲ.

ಆದರೆ ಆ ರೂಢಿಗೆ ಇನ್ನೊಂದು ಮುಖವೂ ಇತ್ತು. ಹೆಸರು ಉಳಿಯಿತು ಎಂದ ಮಾತ್ರಕ್ಕೆ ಮಾತು ಉಳಿಯಿತು ಎಂದಲ್ಲ. ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ ಕೂಡಿಹಾಕಿದ ಸರ್ವಜ್ಞನ ವಚನಗಳು 1924ರಲ್ಲಿ ಪುಸ್ತಕವಾಗಿ ಬಂದವು. ಸರ್ವಜ್ಞ ಎಂದು ಮುಗಿಯುವ ತ್ರಿಪದಿಗಳೆಲ್ಲ ಸರ್ವಜ್ಞನವಲ್ಲ, ಬೇರೆಯವರು ಕಟ್ಟಿ ಆ ಹೆಸರು ಅಂಟಿಸಿದವೂ ಅವುಗಳಲ್ಲಿ ಸೇರಿವೆ ಎಂದು ವಿದ್ವಾಂಸರು ಹೇಳುತ್ತಲೇ ಬಂದಿದ್ದಾರೆ. ಎರವಲು ತ್ರಿಪದಿಯ ಒರಟು ಮಾತಿಗೂ ಹೊಣೆಗಾರ ಸರ್ವಜ್ಞನೇ ಆಗಬೇಕಾಯಿತು.

ಮಾಸ್ತರರ ಗತಿಯೂ ಹೀಗೇ ಆಗುತ್ತದೆ. ಬಿದ್ದ ದಿನ ಅವರು ‘ಮರ ಹೋಯಿತು’ ಎಂದು ಬರೆದಿದ್ದರು. ಮರವನ್ನು ಮತ್ತೆ ನೆಟ್ಟ ಮೇಲೆ ತಮ್ಮ ಬರಹ ತಿದ್ದಿದರು. ನಕಲು ಮಾಡಿದ ತಾಣದಲ್ಲಿ ತಿದ್ದುಪಡಿ ಆಗಲಿಲ್ಲ. ಅಲ್ಲಿ ಇಂದಿಗೂ ಮರ ಹೋಗಿದೆ, ಕೆಳಗೆ ಮಾಸ್ತರರ ಹೆಸರೂ ಇದೆ. ಓದಿದವರು ತಪ್ಪು ಹುಡುಕಿ ಬಯ್ಯುವುದು ಮಾಸ್ತರರನ್ನೇ. ಲಿಂಕ್ ಕೊಟ್ಟ ನಕಲಿನಿಂದ ಆಗುವ ದೊಡ್ಡ ನಷ್ಟ ಇದು: ನಿಮ್ಮ ಹೆಸರಿನಲ್ಲಿ ನಿಂತಿರುವ ಮಾತನ್ನು ತಿದ್ದುವ ಅಧಿಕಾರ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಉಳಿದ ಲಾಭನಷ್ಟವನ್ನೂ ನೋಡೋಣ. ಲಿಂಕಿಗೆ ಬೆಲೆ ಇಲ್ಲದಿಲ್ಲ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಶುರು ಮಾಡಿದಾಗ ಅವರ ಮೂಲ ಉಪಾಯವೇ ಲಿಂಕುಗಳನ್ನು ಸಾಕ್ಷಿಯಂತೆ ಎಣಿಸುವುದಾಗಿತ್ತು. ಒಂದು ಪುಟಕ್ಕೆ ಯಾರ್ಯಾರು ದಾರಿ ತೋರಿಸುತ್ತಾರೆ, ಅವರು ಎಂಥವರು ಎಂಬುದರ ಮೇಲೆ ಆ ಪುಟದ ತೂಕ. ಆದ್ದರಿಂದ ಒಳ್ಳೆಯ ತಾಣವೊಂದು ನಿಮಗೆ ಲಿಂಕ್ ಕೊಟ್ಟರೆ ಉಪಯೋಗವಿದೆ. ಆದರೆ ಒಂದೇ ಬರಹ ಎರಡು ಕಡೆ ಇದ್ದಾಗ ಹುಡುಕುತಾಣ ಸಾಮಾನ್ಯವಾಗಿ ಒಂದನ್ನೇ ಮುಖ್ಯವೆಂದು ಆರಿಸಿ ತೋರಿಸುತ್ತದೆ. ಮೂಲವನ್ನೇ ಆರಿಸುತ್ತದೆ ಎಂಬ ಭರವಸೆ ಇಲ್ಲ, ನಕಲು ಮಾಡಿದ ತಾಣ ದೊಡ್ಡದಾಗಿದ್ದರೆ ಅದೇ ಮೇಲೆ ಬರಬಹುದು. ಪೂರ್ತಿ ಬರಹ ಅಲ್ಲೇ ಸಿಕ್ಕ ಮೇಲೆ ಓದುಗ ಲಿಂಕ್ ಒತ್ತಿ ಹಾನಗಲ್ಲಿಗೆ ಯಾಕೆ ಬಂದಾನು? ಜಾಹೀರಾತಿನ ಕಾಸೂ ಅಲ್ಲೇ ಉಳಿಯುತ್ತದೆ. ಕೊಟ್ಟಿಗೆಯಿಂದ ಎತ್ತು ಬಿಚ್ಚಿಕೊಂಡು ಹೋಗಿ ಹೊಲ ಉಳುತ್ತ, ಇದು ಇಂಥವರ ಎತ್ತು ಎಂದು ದಾರಿಹೋಕರಿಗೆಲ್ಲ ಹೇಳಿದಂತಾಯಿತು. ಅವನು ಸುಳ್ಳು ಹೇಳಲಿಲ್ಲ, ಕೇಳಿಯೂ ಇರಲಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಬರೆದ ಕ್ಷಣದಿಂದ ಹಕ್ಕು ಬರೆದವರದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕು ಇರುವುದು ಮಾತಿನ ಮೇಲೆ, ಸಂಗತಿಯ ಮೇಲಲ್ಲ. ಸವಣೂರಿನಲ್ಲಿ ಮರ ಬಿತ್ತು ಎಂಬುದು ಯಾರಪ್ಪನ ಸೊತ್ತೂ ಅಲ್ಲ, ಅದನ್ನು ಎಲ್ಲರೂ ಬರೆಯಬಹುದು. ಮಾಸ್ತರರು ಬರೆದ ಪ್ಯಾರಾ ಮಾತ್ರ ಮಾಸ್ತರರದು. ಹಾನಗಲ್ಲಿನ ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಕೆತ್ತಿದ ದೊಡ್ಡ ಕಮಲ ಎಲ್ಲರದೂ ಹೌದು, ಆದರೆ ನೀವು ತೆಗೆದ ಅದರ ಫೋಟೋ ನಿಮ್ಮದು.

ಈ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1992ರಲ್ಲಿ ತೀರಿಕೊಂಡರು. ಅಂದರೆ ಅವರ ಕವಿತೆಯನ್ನು ಇಡಿಯಾಗಿ ಹಾಕಬೇಕಾದರೆ 2052ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು, ಕೆಳಗೆ ಗೋಕಾಕ್ ಎಂದು ಬರೆದರೆ ಸಾಲದು. ಷರೀಫರು 1889ರಲ್ಲೇ ಹೋದವರು. ಅವರ ಹಾಡಿನ ಸಾಹಿತ್ಯ ಈಗ ಎಲ್ಲರದು. ಆದರೆ ಸಿ. ಅಶ್ವತ್ಥ್ ಅದಕ್ಕೆ ಹಾಕಿದ ರಾಗಸಂಯೋಜನೆಯ ಹಕ್ಕು ಬೇರೆ, ಕ್ಯಾಸೆಟ್ಟಿನ ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ. ಒಂದೇ ಹಾಡಿನಲ್ಲಿ ಮೂರು ಪದರ, ಮೂರಕ್ಕೂ ಒಂದೇ ನ್ಯಾಯವಲ್ಲ.

ಹೆಸರು ಗೊತ್ತಿರುವುದು ಬೇರೆ, ಹಕ್ಕು ಇರುವುದು ಬೇರೆ ಎಂಬುದಕ್ಕೆ ಕನ್ನಡನಾಡಿನದೇ ಒಂದು ಮೊಕದ್ದಮೆ ಇದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಪ್ರಯೋಗವೊಂದನ್ನು ಮಣಿಪಾಲದ ಶಿಕ್ಷಣ ಸಂಸ್ಥೆ 2001ರಲ್ಲಿ ದಿಲ್ಲಿಯಲ್ಲಿ ಆಡಿಸಿತು. ಅದನ್ನು ರೂಪಿಸಿದವರು ಕಾರಂತರು ಎಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಶ್ನೆ ಬಂದದ್ದು ಹಕ್ಕು ಯಾರದು ಎಂದು. ಸುಪ್ರೀಂ ಕೋರ್ಟಿನವರೆಗೆ ಹೋದ ಈ ವ್ಯಾಜ್ಯದಲ್ಲಿ 2009ರಲ್ಲಿ ತೀರ್ಪು ಬಂತು: ಕಾರಂತರ ಉಯಿಲಿನ ಪ್ರಕಾರ ಹಕ್ಕು ಮಾಲಿನಿ ಮಲ್ಯ ಅವರಿಗೆ ಸೇರುತ್ತದೆ, ಆದರೆ ಕಾಯ್ದೆಯ 52ನೆಯ ಕಲಮಿನ ವಿನಾಯಿತಿಗೆ ಒಳಪಡುವ ಪ್ರದರ್ಶನಕ್ಕೆ ಅಡ್ಡಿ ಇಲ್ಲ.

ಈ 52ನೆಯ ಕಲಮನ್ನು ಬರೆಯುವವರೆಲ್ಲ ತಿಳಿದಿರಬೇಕು. ವಿಮರ್ಶೆಗೆ, ಸಂಶೋಧನೆಗೆ, ಸುದ್ದಿ ವರದಿಗೆ ಬೇಕಾದಷ್ಟು ಭಾಗವನ್ನು ಮೂಲ ಹೇಳಿ ಉದ್ಧರಿಸಬಹುದು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ, ಧಾರ್ಮಿಕ ವಿಷಯದ ಲೇಖನವನ್ನು ಪತ್ರಿಕೆಗಳು ಮರುಮುದ್ರಿಸಬಹುದು, ಲೇಖಕರು ಆ ಹಕ್ಕನ್ನು ಸ್ಪಷ್ಟವಾಗಿ ಕಾಯ್ದಿರಿಸಿಕೊಂಡಿರದಿದ್ದರೆ. ಅಂದರೆ ‘ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಸಾಲು ಬರೀ ಅಲಂಕಾರವಲ್ಲ, ಅದಕ್ಕೆ ಕೆಲಸವಿದೆ.

ಹಾಗಾದರೆ ಮಾಸ್ತರರು ಏನು ಮಾಡಬೇಕು? ಮೊದಲು ಸಾಕ್ಷಿ ಇಟ್ಟುಕೊಳ್ಳಬೇಕು. ನಕಲಿನ ಪುಟದ ವಿಳಾಸ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್, ಸಾಧ್ಯವಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಎರಡೂ ಪುಟಗಳ ಪ್ರತಿ. ಆಮೇಲೆ ಎಷ್ಟು ಎತ್ತಿದ್ದಾರೆ ಎಂದು ನೋಡಬೇಕು. ಎರಡು ಸಾಲು ಎತ್ತಿ ಲಿಂಕ್ ಕೊಟ್ಟಿದ್ದರೆ ಸಂತೋಷಪಟ್ಟು ಸುಮ್ಮನಿರಿ, ಅದು ಒಳ್ಳೆಯ ಓದುಗರ ಲಕ್ಷಣ. ಇಡಿಯಾಗಿ ಎತ್ತಿದ್ದರೆ ಪತ್ರ ಬರೆಯಿರಿ. ಹೆಸರು ಹಾಕಿದವರು ಕದಿಯುವ ಉದ್ದೇಶದವರಲ್ಲ, ಬಹುಪಾಲು ತಿಳಿಯದವರು. ಬೈದು ಬರೆದರೆ ಲಿಂಕೂ ಹೋಗುತ್ತದೆ, ಸ್ನೇಹವೂ ಹೋಗುತ್ತದೆ. ಹೀಗೆ ಬರೆದರೆ ಸಾಕು:

“ನಮಸ್ಕಾರ. ನನ್ನ ಬರಹ ನಿಮ್ಮ ತಾಣದಲ್ಲಿ ಪೂರ್ತಿಯಾಗಿ ಬಂದಿದೆ. ಹೆಸರು, ಲಿಂಕ್ ಕೊಟ್ಟದ್ದಕ್ಕೆ ವಂದನೆಗಳು. ಆದರೆ ಪೂರ್ತಿ ಹಾಕಲು ನಾನು ಒಪ್ಪಿಗೆ ಕೊಟ್ಟಿಲ್ಲ. ಮೊದಲ ಎರಡು ಪ್ಯಾರಾ ಇಟ್ಟುಕೊಂಡು, ಮುಂದೆ ಓದಲು ಮೂಲ ಪುಟದ ಲಿಂಕ್ ಕೊಡಿ. ಫೋಟೋಗಳನ್ನು ದಯವಿಟ್ಟು ತೆಗೆಯಿರಿ. ಹತ್ತು ದಿನದೊಳಗೆ ಉತ್ತರ ಬರೆದರೆ ಉಪಕಾರವಾದೀತು.”

ಪೂರ್ತಿ ಬರಹ ಅಲ್ಲಿ ಇರುವುದಕ್ಕೆ ನಿಮ್ಮ ಅಡ್ಡಿ ಇಲ್ಲದಿದ್ದರೆ ಇನ್ನೊಂದು ದಾರಿ ಕೇಳಬಹುದು. ಪುಟದ ಒಳಗಿನ ಸಂಕೇತದಲ್ಲಿ ‘ಕ್ಯಾನೊನಿಕಲ್’ ಎಂಬ ಸಾಲು ಸೇರಿಸಿ, ಮೂಲ ಇರುವುದು ಇಂಥಲ್ಲಿ ಎಂದು ಹುಡುಕುತಾಣಕ್ಕೆ ತಿಳಿಸುವ ವ್ಯವಸ್ಥೆ ಇದೆ. ಓದುಗನ ಕಣ್ಣಿಗೆ ಅದು ಬೀಳುವುದಿಲ್ಲ. ಹುಡುಕುತಾಣ ಅದನ್ನು ಒಂದು ಸೂಚನೆಯಾಗಿ ನೋಡುತ್ತದೆ.

ಪತ್ರಕ್ಕೆ ಉತ್ತರವೇ ಬಾರದಿದ್ದರೆ? 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ, ಬರಹವನ್ನು ಇರಿಸಿಕೊಂಡ ಮಧ್ಯವರ್ತಿ ಸಂಸ್ಥೆಗೆ ಲಿಖಿತ ದೂರು ಕೊಡಬಹುದು. ದೂರಿನಲ್ಲಿ ಹುರುಳಿದ್ದರೆ ಸಂಸ್ಥೆ 36 ಗಂಟೆಯೊಳಗೆ ಆ ಬರಹ ಸಿಗದಂತೆ ಮಾಡಬೇಕು. ಆದರೆ ಅದು 21 ದಿನದ ಮಾತು, ಅಷ್ಟರಲ್ಲಿ ನೀವು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಹುಡುಕುತಾಣದ ಫಲಿತಾಂಶದಿಂದ ತೆಗೆಸಲು ಗೂಗಲ್‌ನಲ್ಲಿ ಪ್ರತ್ಯೇಕ ಅರ್ಜಿಯೂ ಇದೆ. ಕೋರ್ಟಿಗೆ ಹೋಗಲೇಬೇಕಾದರೆ ಒಂದು ಅನುಕೂಲವಿದೆ. ಕಾಯ್ದೆಯ 62ನೆಯ ಕಲಮು ದಾವೆ ಹೂಡುವವರು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಬಿಡುತ್ತದೆ. ನಕಲು ಮಾಡಿದವರು ದಿಲ್ಲಿಯವರಾದರೂ ಹಾನಗಲ್ಲಿನವರು ಹಾವೇರಿಯಲ್ಲಿ ಕೇಳಬಹುದು. ಇದು ಕೊನೆಯ ಮೆಟ್ಟಿಲು, ಖರ್ಚಿನ ಮೆಟ್ಟಿಲು. ಒಂದು ಬರಹಕ್ಕಾಗಿ ಅಲ್ಲಿಯವರೆಗೆ ಹತ್ತಬೇಕಾದವರು ಕಡಿಮೆ.

ಎಲ್ಲರೂ ಬಾಗಿಲು ಹಾಕಿಕೊಂಡೇ ಇರಬೇಕಾಗಿಲ್ಲ. ಹೆಸರು ಹಾಕಿ ಯಾರಾದರೂ ಒಯ್ಯಿರಿ ಎಂದು ಮೊದಲೇ ಹೇಳಿಬಿಡುವ ಮಾರ್ಗವೂ ಇದೆ. ಅದಕ್ಕೆಂದೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಲ್ಲಿ ಬಂದವು. 2014ರಲ್ಲಿ ಕಾದಂಬರಿಕಾರ ನಿರಂಜನರ 55 ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಈ ಪರವಾನಗಿಯಡಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಹೀಗೆಯೇ ಮುಕ್ತವಾಗಿಸಿತು. ಇವನ್ನು ಯಾರಾದರೂ ನಕಲು ಮಾಡಬಹುದು, ಆದರೆ ಷರತ್ತುಗಳಿವೆ: ಮೂಲ ಹೇಳಬೇಕು, ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಎನ್ನಬೇಕು, ಬದಲಾಯಿಸಿ ಕಟ್ಟಿದ್ದನ್ನು ಅದೇ ಪರವಾನಗಿಯಲ್ಲಿ ಬಿಡಬೇಕು. ಇಲ್ಲಿ ಹೆಸರೂ ಲಿಂಕೂ ಸಾಕಾಗುತ್ತವೆ, ಯಾಕೆಂದರೆ ಒಪ್ಪಿಗೆ ಮೊದಲೇ ಸಿಕ್ಕಿದೆ.

ಅಂಕಿತದ ಕಾಲದಲ್ಲಿ ಈ ಒಪ್ಪಿಗೆ ಸಮಾಜದ ರೂಢಿಯಲ್ಲೇ ಇತ್ತು, ಈಗ ಅದನ್ನು ಬರೆದಿಡಬೇಕಾಗಿದೆ. ಜಗಳ ಬಹಳಷ್ಟು ಸಲ ಹುಟ್ಟುವುದು ನಕಲು ಮಾಡಿದವರ ದುರಾಸೆಯಿಂದಲ್ಲ, ಬರೆದವರು ಏನು ಬಯಸುತ್ತಾರೆಂದು ಎಲ್ಲೂ ಹೇಳದೆ ಇರುವುದರಿಂದ. ಆದ್ದರಿಂದ ಊರಿನ ಚರಿತ್ರೆ, ಗುಡಿಯ ಫೋಟೋ, ಅಜ್ಜಿಯ ಹಾಡು, ಏನನ್ನೇ ಹಾಕಿದರೂ ಅದರ ಬುಡದಲ್ಲಿ ಎರಡು ಸಾಲು ಸೇರಿಸಿ: ಎಷ್ಟನ್ನು ಕೇಳದೆ ಒಯ್ಯಬಹುದು, ಯಾವುದಕ್ಕೆ ಕೇಳಬೇಕು, ಕೇಳುವುದಾದರೆ ಯಾವ ವಿಳಾಸಕ್ಕೆ ಬರೆಯಬೇಕು. ಒಯ್ಯುವವರೂ ಪ್ರಕಟಿಸುವ ಮೊದಲು ಆ ಎರಡು ಸಾಲನ್ನು ಓದಿಕೊಳ್ಳಲಿ.