ನೂರು ಕೋಟಿಯ ರಟ್ಟು, ನಾಲ್ಕಾಣೆಯ ರಟ್ಟು

ಅಂಗೈಯಗಲದ ಒಂದು ರಟ್ಟಿನ ಚೂರಿಗೆ ಎಷ್ಟು ಬೆಲೆ ಕಟ್ತೀರಿ? 2022ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯ್ತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! 1952ರಲ್ಲಿ ಟಾಪ್ಸ್ ಕಂಪನಿ ಬಬಲ್ ಗಮ್ ಜೊತೆ ಕೊಟ್ಟಿದ್ದ ಮಿಕಿ ಮ್ಯಾಂಟಲ್ ಕಾರ್ಡು ಅದು.

ನ್ಯೂಜೆರ್ಸಿಗೆ ಹೋದಾಗ ಇಂಥ ಕಾರ್ಡುಗಳ ಒಂದು ಸಣ್ಣ ಸಂತೆ ನೋಡಿದೆ. ಹೆಚ್ಚಂದ್ರೆ ಇಪ್ಪತ್ತು ಮೇಜು. ಒಂದು ಕಡೆ ಪ್ಲಾಸ್ಟಿಕ್ ಕವಚದೊಳಗೆ ಸೀಲಾದ ಕಾರ್ಡುಗಳು. ಮೂಲೆ ಮಡಿಚಿದೆಯಾ, ಅಂಚು ಸವೆದಿದೆಯಾ, ಚಿತ್ರ ನಟ್ಟನಡುವೆ ಇದೆಯಾ ಅಂತ ಪರೀಕ್ಷಿಸಿ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟಿರ್ತಾರೆ. ಥೇಟ್ ನಮ್ಮ ಇಂಜಿನಿಯರಿಂಗ್ ಲ್ಯಾಬ್ ರಿಪೋರ್ಟು! ಇನ್ನೊಂದು ಕಡೆ ಡಬ್ಬಗಟ್ಟಲೆ 1980ರ ದಶಕದ ಕಾರ್ಡುಗಳು. ಡಾಲರ್‌ಗೆ ನಾಲ್ಕು.

ಯಾಕೆ ಈ ವ್ಯತ್ಯಾಸ? ನೋಡಿ, 1952ರ ಮಕ್ಕಳು ಕಾರ್ಡುಗಳ ಜೊತೆ ಆಡಿದ್ರು, ಸೈಕಲ್ ಚಕ್ರಕ್ಕೆ ಸಿಕ್ಕಿಸಿದ್ರು. ಅಮ್ಮಂದಿರು ಗುಡಿಸಿ ಎಸೆದ್ರು. ಚೆನ್ನಾಗಿ ಉಳಿದದ್ದು ಕೆಲವೇ ಕೆಲವು. ಹಳೇ ಕಾರ್ಡಿಗೆ ಬೆಲೆ ಬಂದದ್ದು ನೋಡಿ, 80ರ ದಶಕದಲ್ಲಿ ಜನ ದುಡ್ಡಿನಾಸೆಗೆ ಹೊಸ ಕಾರ್ಡು ಕೂಡಿಟ್ರು. ಕಂಪನಿಗಳೂ ರಾಶಿ ರಾಶಿ ಅಚ್ಚು ಹಾಕಿದವು. ಎಲ್ಲರ ಅಟ್ಟದಲ್ಲೂ ಇರೋದನ್ನ ಕೊಳ್ಳೋರು ಯಾರು?

ಆ ಅಗ್ಗದ ಡಬ್ಬದ ಮುಂದೆ ಒಬ್ಬ ಹುಡುಗ ತುಂಬಾ ಹೊತ್ತು ನಿಂತಿದ್ದ. ಯಾವುದಕ್ಕೆ ಬೆಲೆ ಬರುತ್ತೆ ಅಂತಲ್ಲ, ತನ್ನಿಷ್ಟದ ತಂಡದವರು ಯಾರ್ಯಾರಿದ್ದಾರೆ ಅಂತ ಹುಡುಕ್ತಿದ್ದ.

ನಿಮ್ಮ ಮನೆಯಲ್ಲೂ ಮಕ್ಕಳು ಕ್ರಿಕೆಟ್ ಕಾರ್ಡು ಕೂಡಿಡ್ತಿರಬಹುದು. 'ಇದರಿಂದ ಏನು ಬರುತ್ತೆ?' ಅಂತ ಕೇಳಬೇಡಿ. 'ಇವನು ಯಾರು, ಹೇಗೆ ಆಡ್ತಾನೆ?' ಅಂತ ಕೇಳಿ. ಆಗ ನೋಡಿ, ಮಾತು ನಿಲ್ಲೋದೇ ಇಲ್ಲ.